ಸ್ಟುಟ್‌ಗಾರ್ಟ್ ಕಡೆಯ ಲೂಥರನ್ ಸಭೆ: ತೊಟ್ಟಿಲಿನಿಂದ ಮಣ್ಣಿನ ತನಕ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೆ, ಓದಿಗೆ ಅಂತ ಸ್ಟುಟ್‌ಗಾರ್ಟ್ ಸುತ್ತಮುತ್ತ ಬಂದ ಕನ್ನಡದ ಕ್ರೈಸ್ತರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ನಾನು ಪಾಸ್ಟರ್ ಅಲ್ಲ. ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದೆ. ಸ್ಟುಟ್‌ಗಾರ್ಟ್ ಇರುವ ಈ ವ್ಯುರ್ಟೆಂಬರ್ಗ್ ಸೀಮೆಯ ಲೂಥರನ್ ಸಭೆಗೆ ಸೇರಿ ವರ್ಷಗಳಾದವು. ಈಗ ವಯಸ್ಸಾದವರ ಮನೆಗೆ ಹೋಗಿ ಮಾತಾಡಿಸಿ ಬರುವ ಗುಂಪಿನಲ್ಲಿದ್ದೇನೆ. ಜರ್ಮನಿಯ ಬೇರೆ ರಾಜ್ಯದಲ್ಲಿ ಇರುವವರಿಗೆ ಸಣ್ಣಪುಟ್ಟ ನಿಯಮ ಬೇರೆ ಇರಬಹುದು.

ನಾವು ಸಿ.ಎಸ್.ಐ.ನವರು. ಲೂಥರನ್ ಸಭೆ ನಮ್ಮದು ಹೇಗಾಗುತ್ತದೆ?

ನೀವು ದಕ್ಷಿಣ ಕನ್ನಡ ಅಥವಾ ಧಾರವಾಡ ಕಡೆಯವರಾದರೆ ಇದು ಸುತ್ತಿಬಳಸಿ ನಿಮ್ಮ ಅಜ್ಜನ ಮನೆಯೇ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಸಂಸ್ಥೆ ಸ್ವಿಜರ್ಲೆಂಡಿನದು, ಆದರೆ ಬಂದವರಲ್ಲಿ ಬಹಳ ಜನ ಇದೇ ವ್ಯುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರತಂದ ಮೊಗ್ಲಿಂಗ್ ಹುಟ್ಟಿದ್ದು ಇಲ್ಲಿನ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಎಸ್‌ಲಿಂಗೆನ್‌ನಲ್ಲಿ. ಎಸ್‌ಲಿಂಗೆನ್‌ಗೆ ಸ್ಟುಟ್‌ಗಾರ್ಟಿನಿಂದ ಲೋಕಲ್ ಟ್ರೇನಿನಲ್ಲೇ ಹೋಗಬಹುದು. ನಿಘಂಟಿನ ಕಿಟ್ಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ಟ್ಯೂಬಿಂಗೆನ್‌ನಲ್ಲಿ.

1947ರಲ್ಲಿ ಸಿ.ಎಸ್.ಐ. ಹುಟ್ಟಿದ ಮೇಲೆ ನಮ್ಮ ಹಳೇ ಸಭೆಗಳು ಅದರೊಳಗೆ ಸೇರಿಕೊಂಡವು. ಹಾಗಾಗಿ ‘ಲೂಥರನ್’ ಅನ್ನೋ ಹೆಸರು ನಮ್ಮ ಕಿವಿಗೆ ಹೊಸದು. ಆದರೆ ಒಂದು ಭಾನುವಾರ ಬಂದು ಕೂತು ನೋಡಿ. ಇಲ್ಲಿನ ಆರಾಧನೆ ಸರಳ. ಹಾಡು, ಪ್ರಾರ್ಥನೆ, ಉದ್ದನೆಯ ಪ್ರಸಂಗ. ಲೂಥರನ್ ಅಂದಕೂಡಲೇ ಮೇಣದಬತ್ತಿ ಮೆರವಣಿಗೆ ಎಲ್ಲ ನಿರೀಕ್ಷೆ ಮಾಡಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ, ಮಂಗಳೂರಿನ ಬಲ್ಮಠದ ಸಭೆಯಲ್ಲಿ ಬೆಳೆದವರಿಗೆ ಏನೂ ಅನ್ನಿಸುವುದಿಲ್ಲ.

‘ಸೇಲ್‌ಸೋರ್ಗೆ’ ಅಂತ ಎಲ್ಲ ಕಡೆ ಬರೆದಿರುತ್ತದೆ. ಏನದು?

ಪದ ಬಿಡಿಸಿದರೆ ಆತ್ಮದ ಆರೈಕೆ. ಕೇಳಲು ದೊಡ್ಡದು. ನಿಜದಲ್ಲಿ ನಡೆಯುವುದು ಏನೆಂದರೆ, ಪಾಸ್ಟರ್ ನಿಮ್ಮ ಅಡುಗೆಮನೆ ಮೇಜಿನ ಮುಂದೆ ಒಂದು ಗಂಟೆ ಕೂತು ನಿಮ್ಮ ಮಾತು ಕೇಳುತ್ತಾರೆ. ನೀವು ಬೇಕು ಅಂದರೆ ಕೊನೆಗೆ ಪ್ರಾರ್ಥನೆ. ಬೇಡ ಅಂದರೆ ಇಲ್ಲ. ಉಪದೇಶ ಕಮ್ಮಿ. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ‘ಅವರು ಏನೂ ಹೇಳಲೇ ಇಲ್ಲವಲ್ಲ’ ಅಂತ ಒಬ್ಬರು ನನ್ನ ಹತ್ತಿರ ದೂರಿದ್ದೂ ಉಂಟು.

ಈ ಸಭೆಗೆ ಹೆಸರು ಕೊಟ್ಟ ಸುಧಾರಕ ಮಾರ್ಟಿನ್ ಲೂಥರ್ 1537ರಲ್ಲಿ ಬರೆದ ನಂಬಿಕೆಯ ವಿಧಿಗಳಲ್ಲಿ, ಸುವಾರ್ತೆ ನಮ್ಮ ಹತ್ತಿರ ಬರುವ ದಾರಿಗಳನ್ನು ಎಣಿಸುತ್ತಾ ಪ್ರಸಂಗ, ದೀಕ್ಷಾಸ್ನಾನ, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ), ಪಾಪನಿವೇದನೆಯ ಸಾಲಿಗೇ ಇನ್ನೊಂದನ್ನು ಸೇರಿಸಿದ: ಸಹೋದರರು ಒಬ್ಬರಿಗೊಬ್ಬರು ಮಾತಾಡಿ ಸಮಾಧಾನ ಹೇಳುವುದು. ಅಂದರೆ ಇದು ಪಾಸ್ಟರ್ ಒಬ್ಬರ ಕೆಲಸ ಅಲ್ಲ. ನಮ್ಮ ಗುಂಪಿನ ಮುದುಕಿಯರು ಕೇಕ್ ಹಿಡಿದು ಎಂಬತ್ತು ತುಂಬಿದವರ ಮನೆಗೆ ಹೋಗುತ್ತಾರಲ್ಲ, ಅದೂ ಈ ಲೆಕ್ಕಕ್ಕೇ.

ಆಸ್ಪತ್ರೆಯಲ್ಲಿದ್ದರೂ ಪಾಸ್ಟರ್ ನೋಡಲು ಬರಲಿಲ್ಲ. ಯಾಕೆ ಹೀಗೆ?

ಯಾಕೆಂದರೆ ಅವರಿಗೆ ಗೊತ್ತಿಲ್ಲ.

ಎಲ್ಲದಕ್ಕಿಂತ ಜಾಸ್ತಿ ಬೇಜಾರು ಹುಟ್ಟಿಸುವ ವಿಷಯ ಇದು. ಊರಲ್ಲಿ ಸುದ್ದಿಗೆ ತಾನಾಗಿ ಕಾಲು ಬರುತ್ತದೆ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದರೆ ಸಂಜೆಯೊಳಗೆ ಸಭಾಪಾಲಕರು ಹಾಸಿಗೆ ಪಕ್ಕ ನಿಂತಿರುತ್ತಾರೆ. ಯಾರು ಹೇಳಿದರು ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ನಿಮ್ಮ ಕಾಯಿಲೆ ನಿಮ್ಮ ಖಾಸಗಿ ವಿಷಯ. ಪಕ್ಕದ ಮನೆಯವರಿಗೆ ಆಂಬುಲೆನ್ಸ್ ಕಂಡರೂ ಪಾಸ್ಟರ್‌ಗೆ ಹೇಳುವುದಿಲ್ಲ. ಅದು ತಪ್ಪಾಗುತ್ತದೆ ಅಂದುಕೊಳ್ಳುತ್ತಾರೆ. ಪಾಸ್ಟರ್ ಕೂಡ ಕೇಳದೆ ಬಾಗಿಲು ತಟ್ಟಿದರೆ ನಿಮಗೆ ಮುಜುಗರ ಆಗುತ್ತದೇನೋ ಅಂತ ಹಿಂಜರಿಯುತ್ತಾರೆ.

ನನ್ನದೇ ಕತೆ ಹೇಳುತ್ತೇನೆ. ಬಂದ ಮೂರನೇ ವರ್ಷ ಪಿತ್ತಕೋಶದ ಆಪರೇಷನ್ ಆಯಿತು. ಆರು ದಿನ ಮಲಗಿದ್ದೆ, ಸಭೆಯಿಂದ ಒಂದು ನರಪಿಳ್ಳೆ ಬರಲಿಲ್ಲ. ಮುಂದಿನ ಭಾನುವಾರ ಚರ್ಚಿನ ಬಾಗಿಲಲ್ಲಿ ಮುಖ ಊದಿಸಿಕೊಂಡೇ ಪಾಸ್ಟರ್‌ಗೆ ಹೇಳಿದೆ. ಅವರು ಪಾಪ, ಕೈ ಹಿಡಿದುಕೊಂಡು ‘ನನಗೆ ಒಂದು ಫೋನ್ ಮಾಡಬಾರದಿತ್ತೇ?’ ಅಂದರು. ಆಸ್ಪತ್ರೆ ಸೇರುವಾಗ ತುಂಬುವ ಫಾರ್ಮಿನಲ್ಲಿ ಧರ್ಮ ಯಾವುದು ಅನ್ನೋ ಖಾನೆಯೂ ಇತ್ತು. ಇಲ್ಲಿ ಸಭೆಯ ಸದಸ್ಯರ ಸಂಬಳದಲ್ಲಿ ಚರ್ಚ್ ತೆರಿಗೆ ಮುರಿದುಕೊಳ್ಳುತ್ತಾರೆ, ಅಲ್ಲೂ ತೆರಿಗೆ ಹಾಕುತ್ತಾರೇನೋ ಅಂತ ನಾನೇ ಖಾಲಿ ಬಿಟ್ಟಿದ್ದೆ!

ಆ ಖಾನೆ ತುಂಬುವುದು ನಿಮ್ಮ ಇಷ್ಟ, ಬಲವಂತ ಇಲ್ಲ. ‘ಎವಾಂಗೇಲಿಶ್’ (ಇಲ್ಲಿ ಪ್ರಾಟೆಸ್ಟಂಟರಿಗೆ ಹೇಳುವ ಹೆಸರು) ಅಂತ ಬರೆದರೆ ಆಸ್ಪತ್ರೆಯ ಪಾಸ್ಟರ್‌ಗೆ ನೀವಿರುವುದು ತಿಳಿಯುವ ದಾರಿ ಆಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಬೇರೆ ಪಾಸ್ಟರ್ ಇರುತ್ತಾರೆ. ಅವರು ನಿಮ್ಮ ಸಭೆಯವರಲ್ಲ. ನಿಮ್ಮ ಸಭೆಯವರೇ ಬರಬೇಕು ಅಂದರೆ ಫೋನ್ ಮಾಡಬೇಕು. ನರ್ಸ್‌ಗೆ ಹೇಳಿದರೂ ಸಾಕು, ಅವರು ಕರೆಸುತ್ತಾರೆ. ಹಾಸಿಗೆಗೇ ಕರ್ತನ ಭೋಜನ ತರುತ್ತಾರೆ. ಕೇಳಿದರೆ ಎಣ್ಣೆ ಹಚ್ಚಿ ಆಶೀರ್ವಾದವನ್ನೂ ಮಾಡುತ್ತಾರೆ.

ಯಾರಿಗೆ ಫೋನ್ ಮಾಡಬೇಕು? ಏನಂತ ಹೇಳಬೇಕು?

ಸಭೆಯ ಕಚೇರಿಗೆ. ಇಲ್ಲಿ ಅದಕ್ಕೆ ‘ಫಾರ್‌ಆಮ್ಟ್’ ಅನ್ನುತ್ತಾರೆ. ವಾರದಲ್ಲಿ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ. ಉಳಿದ ಹೊತ್ತಿನಲ್ಲಿ ಮೆಷಿನ್ ಮಾತಾಡುತ್ತದೆ. ಮೆಷಿನ್ ಅಂತ ಫೋನ್ ಇಟ್ಟುಬಿಡಬೇಡಿ. ಹೆಸರು, ನಂಬರ್, ‘ಪಾಸ್ಟರ್ ಜೊತೆ ಮಾತಾಡಬೇಕು’ ಎಂಬ ಒಂದು ವಾಕ್ಯ ಸಾಕು. ಕಾರಣ ಹೇಳಬೇಕಾಗಿಲ್ಲ. ಕಚೇರಿಯವರು ಕೇಳುವುದೂ ಇಲ್ಲ.

ಸಾಯುವ ಸ್ಥಿತಿಯಲ್ಲಿ ಯಾರಾದರೂ ಇದ್ದರೆ ಮಾತ್ರ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ನಮ್ಮ ಅಭ್ಯಾಸ ಏನು? ಮೊದಲು ಕ್ಷೇಮಸಮಾಚಾರ, ಆಮೇಲೆ ಹವಾಮಾನ, ಕೊನೆಗೆ ವಿಷಯ. ಇಲ್ಲಿ ಉಲ್ಟಾ. ಎಷ್ಟೋ ಸಭೆಗಳಲ್ಲಿ ಪಾಸ್ಟರ್‌ಗೆ ಸೋಮವಾರ ರಜೆ. ಆದರೆ ಇಂಥದ್ದಕ್ಕೆ ರಜೆ ಇಲ್ಲ, ಅವರಿಲ್ಲದಿದ್ದರೆ ಅವರ ಬದಲಿಗೆ ಯಾರು ಎಂಬುದನ್ನು ಆ ಮೆಷಿನ್ನೇ ಹೇಳುತ್ತದೆ.

ಏನಂತ ಕರೆಯಬೇಕು?

ಗಂಡಸಾದರೆ ‘ಹೆರ್ ಫಾರರ್’, ಹೆಂಗಸಾದರೆ ‘ಫ್ರೌ ಫಾರರಿನ್’. ಹೆಂಗಸರು ಇಲ್ಲಿ ಬಹಳ ಜನ ಇದ್ದಾರೆ. ಅಯ್ಯನವರೇ ಅನ್ನಲು ನಾಲಿಗೆ ತುದಿಗೆ ಬಂದರೆ ನುಂಗಿಕೊಳ್ಳಿ.

ಮಗುವಿಗೆ ದೀಕ್ಷಾಸ್ನಾನ ಕೊಡಿಸಬೇಕು. ಹೇಗೆ?

ಎರಡು ಮೂರು ತಿಂಗಳು ಮುಂಚೆ ಕಚೇರಿಗೆ ಹೇಳಿ. ದಿನಾಂಕ ಗೊತ್ತಾದ ಮೇಲೆ ಪಾಸ್ಟರ್ ಮನೆಗೆ ಬಂದು ಮಾತಾಡುತ್ತಾರೆ, ಇಲ್ಲವೇ ನಿಮ್ಮನ್ನೇ ಕರೆಯುತ್ತಾರೆ. ಮಗುವಿನ ಜನನ ಪತ್ರ ಬೇಕು. ಜ್ಞಾನತಂದೆ, ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್) ಬೇಕು. ಅವರಲ್ಲಿ ಒಬ್ಬರಾದರೂ ಎವಾಂಗೇಲಿಶ್ ಸಭೆಯ ಸದಸ್ಯರಾಗಿರಬೇಕು. ಊರಿನ ಅತ್ತೆ ಮಾವ ಆಗಬೇಕು ಅಂದರೆ ಅವರ ಸಭೆಯಿಂದ ಒಂದು ಪತ್ರ ತರಿಸಿ.

ಮಗುವಿಗೆ ಬೈಬಲಿನ ಒಂದು ವಚನ ಆರಿಸಬೇಕು. ಇಲ್ಲಿನವರು ಇದನ್ನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಆ ವಚನ ಮಗುವಿನ ಜೊತೆ ಜೀವನಪೂರ್ತಿ ನಡೆಯುತ್ತದೆ. ನಾನು ನೋಡಲು ಹೋಗುವ ಅಜ್ಜಿಯೊಬ್ಬರಿಗೆ ಬೆಳಿಗ್ಗೆ ತಿಂದದ್ದು ಮರೆತಿರುತ್ತದೆ, ವಚನ ಮರೆತಿಲ್ಲ.

ಪಾಸ್ಟರ್ ಮೂರು ಸಲ ತಲೆ ಮೇಲೆ ನೀರು ಸುರಿಯುತ್ತಾರೆ. ನೀರು ಬೆಚ್ಚಗಿರುತ್ತದೆ, ಹೆದರಬೇಡಿ. ಮೇಣದಬತ್ತಿಯೊಂದನ್ನು ಹಚ್ಚಿ ಕೊಡುತ್ತಾರೆ. ಅದನ್ನು ಎತ್ತಿಡಿ, ವರ್ಷಕ್ಕೊಮ್ಮೆ ಅದೇ ದಿನ ಹಚ್ಚುವ ರೂಢಿ ಇದೆ. ಬಿಳಿ ಉಡುಪು ಕಡ್ಡಾಯ ಅಲ್ಲ. ಒಂದು ಮನೆಯವರು ಮಗುವಿಗೆ ಮೈಸೂರು ರೇಷ್ಮೆಯ ಲಂಗ ಹಾಕಿಸಿ ತಂದಿದ್ದರು. ಆ ದಿನ ಸಭೆಯ ಕಣ್ಣೆಲ್ಲ ಲಂಗದ ಮೇಲೇ.

ನನಗೆ ಊರಲ್ಲಿ ದೀಕ್ಷಾಸ್ನಾನ ಆಗಿದೆ. ಮತ್ತೆ ಮಾಡಬೇಕಾ?

ಬೇಡ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆದದ್ದು ಒಮ್ಮೆಗೇ ಮುಗಿಯಿತು. ಜರ್ಮನಿಯ 11 ಕ್ರೈಸ್ತ ಪಂಗಡಗಳು 2007ರಲ್ಲಿ ಮಾಗ್ಡೆಬುರ್ಗ್ ಕ್ಯಾಥೆಡ್ರಲ್‌ನಲ್ಲಿ ಸೇರಿ ಒಬ್ಬರ ದೀಕ್ಷಾಸ್ನಾನವನ್ನು ಇನ್ನೊಬ್ಬರು ಒಪ್ಪುತ್ತೇವೆ ಎಂದು ಸಹಿ ಹಾಕಿದ್ದವು. ಸಿ.ಎಸ್.ಐ. ಆ ಪಟ್ಟಿಯಲ್ಲಿಲ್ಲ, ಆದರೂ ಇಲ್ಲಿ ತಕರಾರು ಬರುವುದಿಲ್ಲ. ಹಳೇ ಪ್ರಮಾಣಪತ್ರ ಜೋಪಾನವಾಗಿಡಿ. ಕಳೆದುಹೋಗಿದ್ದರೆ ಊರಿನ ಸಭೆಯ ರಿಜಿಸ್ಟರ್‌ನಿಂದ ನಕಲು ತರಿಸಿ.

ಮಗು ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿ ಇದ್ದರೆ?

ಪಾಸ್ಟರ್‌ಗಾಗಿ ಕಾಯಬೇಕಾಗಿಲ್ಲ. ತುರ್ತಿನಲ್ಲಿ ಯಾವ ಕ್ರೈಸ್ತರಾದರೂ ದೀಕ್ಷಾಸ್ನಾನ ಕೊಡಬಹುದು. ತಾಯಿ, ತಂದೆ, ನರ್ಸ್, ಯಾರಾದರೂ. ಸ್ವಲ್ಪ ನೀರು, ಮಗುವಿನ ಹೆಸರು, ಆ ಮೂರು ಹೆಸರು. ಅಷ್ಟೇ. ಆಮೇಲೆ ಸಭೆಗೆ ತಿಳಿಸಿದರೆ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾರೆ.

ಹೊಟ್ಟೆಯಲ್ಲೇ ಹೋದ ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಆದರೆ ಹೆಸರಿಟ್ಟು, ಆಶೀರ್ವದಿಸಿ, ದೇವರ ಕೈಗೆ ಒಪ್ಪಿಸುವ ಪ್ರಾರ್ಥನೆ ಇದೆ. ಮಗುವಿಗೆ ದೀಕ್ಷಾಸ್ನಾನ ಆಗಲಿಲ್ಲವಲ್ಲ, ಅದರ ಗತಿ ಏನು ಎಂದು ನಮ್ಮ ತಾಯಂದಿರು ರಾತ್ರಿಯೆಲ್ಲ ಕೊರಗುತ್ತಾರೆ. ಲೂಥರ್ ಅಂಥ ತಾಯಂದಿರಿಗಾಗಿಯೇ 1542ರಲ್ಲಿ ಒಂದು ಚಿಕ್ಕ ಬರಹ ಬರೆದ. ಅವರ ನಿಟ್ಟುಸಿರನ್ನೇ ದೇವರು ಪ್ರಾರ್ಥನೆ ಎಂದು ತೆಗೆದುಕೊಳ್ಳುತ್ತಾನೆ ಎಂಬುದು ಅದರ ಸಾರ. ಈ ಮಾತನ್ನು ಪಾಸ್ಟರ್ ಬಾಯಿಂದಲೇ ಕೇಳಿ, ನನ್ನ ಬರಹದಿಂದಲ್ಲ.

2013ರಿಂದ, 500 ಗ್ರಾಮಿಗಿಂತ ಕಮ್ಮಿ ತೂಕದ ಮಗುವಿನ ಹೆಸರನ್ನೂ ಸರ್ಕಾರಿ ನೋಂದಣಿ ಕಚೇರಿಯಲ್ಲಿ ಬರೆಸಿ ಒಂದು ಪತ್ರ ಪಡೆಯಬಹುದು. ಮಣ್ಣು ಮಾಡಲೂ ಅವಕಾಶ ಇದೆ. ಆ ಗಳಿಗೆಯಲ್ಲಿ ಆಸ್ಪತ್ರೆಯವರು ಕೇಳಿದ್ದಕ್ಕೆಲ್ಲ ‘ಬೇಡ’ ಅನ್ನಲು ಮನಸ್ಸಾಗುತ್ತದೆ. ಆ ದಿನವೇ ಉತ್ತರ ಕೊಡಬೇಡಿ. ಪಾಸ್ಟರನ್ನು ಕರೆಸಿ.

ದೃಢೀಕರಣ ಯಾವಾಗ? ಮಗನಿಗೆ ಇಷ್ಟ ಇಲ್ಲ ಅಂತಾನೆ.

ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಆದವರು ತಮ್ಮ ಬಾಯಿಂದಲೇ ನಂಬಿಕೆಯನ್ನು ಒಪ್ಪಿಕೊಳ್ಳುವ ವಿಧಿ ಇದು, ಹದಿನಾಲ್ಕರ ಸುಮಾರಿಗೆ. ಒಂದು ವರ್ಷ ಪಾಠ, ಈ ಕಡೆ ಬುಧವಾರ ಮಧ್ಯಾಹ್ನ ಇಡುವುದು ವಾಡಿಕೆ. ಈಸ್ಟರ್ ಕಳೆದ ಮೇಲಿನ ಭಾನುವಾರಗಳಲ್ಲಿ ದೃಢೀಕರಣ. ಲೂಥರ್ ಇದನ್ನು ಸಂಸ್ಕಾರ ಎಂದು ಒಪ್ಪಿರಲಿಲ್ಲ. ಈಗಿನ ರೂಪಕ್ಕೆ ಬೇರು ಹೆಸ್ಸೆಯ ತ್ಸೀಗೆನ್‌ಹೈನ್‌ನಲ್ಲಿ 1539ರಲ್ಲಿ ಮಾಡಿದ ನಿಯಮದಲ್ಲಿದೆ. ಮಕ್ಕಳು ಕರ್ತನ ಪ್ರಾರ್ಥನೆ, ವಿಶ್ವಾಸಪ್ರಮಾಣ, ಕೀರ್ತನೆ 23 ಎಲ್ಲ ಬಾಯಿಪಾಠ ಮಾಡುತ್ತಾರೆ. ನಂಬಿಕೆಯನ್ನು ಕಲಿಸುವ ಪ್ರಶ್ನೋತ್ತರದಲ್ಲಿ ಲೂಥರ್‌ನದು ಮಾತ್ರವಲ್ಲ, ಈ ಸೀಮೆಯ ಸುಧಾರಕ ಬ್ರೆಂಟ್ಸ್‌ನದೂ ಇರುತ್ತದೆ. ಅವನ ಸಮಾಧಿ ಸ್ಟುಟ್‌ಗಾರ್ಟಿನ ಶ್ಟಿಫ್ಟ್ಸ್‌ಕಿರ್ಶೆ ಎಂಬ ಚರ್ಚಿನ ಒಳಗೇ ಇದೆ.

ಈಗ ಮಗನ ವಿಷಯ. ಇಲ್ಲಿ 1921ರ ಒಂದು ಕಾನೂನು ಇದೆ. ಹದಿನಾಲ್ಕು ತುಂಬಿದವರು ತಮ್ಮ ಧರ್ಮವನ್ನು ತಾವೇ ತೀರ್ಮಾನಿಸಬಹುದು. ನೀವು ಬಲವಂತ ಮಾಡುವ ಹಾಗಿಲ್ಲ. ಪಾಸ್ಟರ್ ಕೂಡ ನಿಮ್ಮ ಪರವಾಗಿ ಗದರುವುದಿಲ್ಲ. ‘ನಾಲ್ಕು ವಾರ ಬಂದು ನೋಡು, ಬೇಡ ಅನ್ನಿಸಿದರೆ ಬಿಡು’ ಅನ್ನುತ್ತಾರೆ. ನನ್ನ ಅನುಭವದಲ್ಲಿ ಬಿಟ್ಟವರು ಕಮ್ಮಿ. ಗೆಳೆಯರೆಲ್ಲ ಅಲ್ಲೇ ಇರುತ್ತಾರೆ, ಮಧ್ಯೆ ಕ್ಯಾಂಪ್ ಇರುತ್ತದೆ. ಕೊನೆಗೆ ನೆಂಟರಿಷ್ಟರು ಕವರ್‌ನಲ್ಲಿ ಕೊಡುವ ದುಡ್ಡೂ ಇರುತ್ತದೆ ಅನ್ನೋದನ್ನು ಮರೆಮಾಚುವುದು ಯಾಕೆ? ಈಗ ಬೇಡ ಅಂದವರು ದೊಡ್ಡವರಾದ ಮೇಲೂ ಮಾಡಿಸಿಕೊಳ್ಳಬಹುದು.

ಮದುವೆಗೆ ಏನು ಬೇಕು?

ಮೊದಲು ಸರ್ಕಾರಿ ನೋಂದಣಿ ಕಚೇರಿ, ಆಮೇಲೆ ಚರ್ಚು. ಭಾರತದಲ್ಲಿ 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಸಭಾಪಾಲಕರು ಮಾಡಿಸಿದ ಮದುವೆಯೇ ಕಾನೂನಿನ ಮದುವೆ. ಇಲ್ಲಿ 1876ರಿಂದ ಆ ಕೆಲಸ ಸರ್ಕಾರದ್ದು. ಚರ್ಚಿನಲ್ಲಿ ಆಗುವುದು ಆಶೀರ್ವಾದ. ಲೂಥರ್‌ಗೆ ಇದರಿಂದ ಬೇಜಾರೇನೂ ಆಗುತ್ತಿರಲಿಲ್ಲ. ಮದುವೆ ಲೌಕಿಕ ವ್ಯವಹಾರ ಎಂದು ಅವನು 1529ರಲ್ಲೇ ಬರೆದಿದ್ದ. ಊರಲ್ಲೇ ಸಭೆಯಲ್ಲಿ ಮದುವೆಯಾಗಿ ಬಂದವರು ಇಲ್ಲಿ ಮತ್ತೆ ಏನೂ ಮಾಡಬೇಕಾಗಿಲ್ಲ.

ಮದುವೆಗೆ ಮುಂಚೆ ಪಾಸ್ಟರ್ ಇಬ್ಬರನ್ನೂ ಕೂರಿಸಿ ಮಾತಾಡುತ್ತಾರೆ. ಹಾಡು, ವಚನ ಎಲ್ಲ ಆಗಲೇ ಗೊತ್ತಾಗಬೇಕು. ಉಂಗುರದ ಜೊತೆ ಕರಿಮಣಿಯೂ ಇರಲಿ ಅನ್ನುವವರು ಅಲ್ಲೇ ಹೇಳಿ. ಬೇಡ ಅಂದ ಪಾಸ್ಟರ್ ನನಗಂತೂ ಸಿಕ್ಕಿಲ್ಲ, ಆದರೆ ಆ ದಿನ ದಿಢೀರ್ ಅಂತ ತೆಗೆದರೆ ಅವರು ಗಲಿಬಿಲಿ ಆಗುತ್ತಾರೆ.

ಹುಡುಗ ಹಿಂದೂ. ಚರ್ಚಿನಲ್ಲಿ ಆಗುತ್ತದಾ?

ಮದುವೆಯ ಪೂರ್ತಿ ವಿಧಿಗೆ ಸಾಮಾನ್ಯವಾಗಿ ಇಬ್ಬರೂ ಕ್ರೈಸ್ತರಾಗಿರಬೇಕು, ಒಬ್ಬರು ಎವಾಂಗೇಲಿಶ್ ಆಗಿರಬೇಕು. ಒಬ್ಬರು ಬೇರೆ ಧರ್ಮದವರಾದರೆ ‘ಮದುವೆಯ ಸಂದರ್ಭದ ಆರಾಧನೆ’ ಎಂಬ ಇನ್ನೊಂದು ರೂಪ ಇದೆ. ಹುಡುಗನಿಗೆ ಮತಾಂತರ ಆಗು ಎಂದು ಯಾರೂ ಹೇಳುವುದಿಲ್ಲ. ಅವನ ಮನಸ್ಸಿಗೆ ಒಪ್ಪದ ಮಾತನ್ನು ಅವನ ಬಾಯಿಂದ ಹೇಳಿಸುವುದೂ ಇಲ್ಲ. ತೀರ್ಮಾನ ಪಾಸ್ಟರ್ ಜೊತೆ ಮಾತಾಡಿದ ಮೇಲೇ. ಬೇಗ ಹೋಗಿ, ಹಾಲ್ ಬುಕ್ ಮಾಡಿದ ಮೇಲೆ ಹೋಗಬೇಡಿ.

ಮದುವೆ ಮುರಿಯುವ ಹಂತಕ್ಕೆ ಬಂದಿದೆ. ಸಭೆಯವರಿಗೆ ಗೊತ್ತಾದರೆ?

ಪಾಸ್ಟರ್‌ಗೆ ಹೇಳಿದ್ದು ಪಾಸ್ಟರ್ ಹತ್ತಿರವೇ ಉಳಿಯುತ್ತದೆ. ಅವರ ಹೆಂಡತಿಗೂ ಇಲ್ಲ, ಗಂಡನಿಗೂ ಇಲ್ಲ, ಸಭೆಯ ಸಮಿತಿಗೂ ಇಲ್ಲ, ಊರಿನ ನಿಮ್ಮ ಅಪ್ಪನಿಗೂ ಇಲ್ಲ. ಇಲ್ಲಿನ ಕಾನೂನು ಪ್ರಕಾರ ಕೋರ್ಟಿನಲ್ಲೂ ಪಾಸ್ಟರ್ ಬಾಯಿ ಬಿಡದೆ ಇರಬಹುದು. ಪಾಪನಿವೇದನೆ ಎಂದರೆ ಕ್ಯಾಥೊಲಿಕರದು ಎಂದು ನಾವು ಅಂದುಕೊಂಡಿದ್ದೇವೆ ಅಲ್ವಾ? ಲೂಥರನ್ನರ ಮೂಲ ನಂಬಿಕೆಗಳನ್ನು ಹೇಳುವ 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದ 11ನೇ ಕಲಮು ಅದನ್ನು ಉಳಿಸಿಕೊಳ್ಳಬೇಕು ಎನ್ನುತ್ತದೆ. ಎಲ್ಲ ಪಾಪವನ್ನೂ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದೂ ಹೇಳುತ್ತದೆ. ಗೂಡು ಇಲ್ಲ, ಪರದೆ ಇಲ್ಲ, ಎದುರುಬದುರು ಕುರ್ಚಿ.

ವಿಚ್ಛೇದನ ಆದವರನ್ನು ಸಭೆಯಿಂದ ಹೊರಗೆ ಹಾಕುವುದಿಲ್ಲ. ಎರಡನೇ ಮದುವೆಯೂ ಮಾತುಕತೆಯ ನಂತರ ಚರ್ಚಿನಲ್ಲಿ ಆಗಬಹುದು. ಇನ್ನೊಂದು ಮಾತು. ಹೊಡೆತ, ಕುಡಿತ, ಸಾಲ ಇದ್ದ ಕಡೆ ಬರೀ ಪ್ರಾರ್ಥನೆಯಿಂದ ಆಗುವುದಿಲ್ಲ ಎಂದು ಒಳ್ಳೆಯ ಪಾಸ್ಟರ್ ತಾವೇ ಹೇಳುತ್ತಾರೆ. ಸಭೆಯ ಸೇವಾ ವಿಭಾಗ ಡಿಯಾಕೋನಿಯ ಸಲಹಾ ಕೇಂದ್ರಗಳಿಗೆ ಕಳಿಸುತ್ತಾರೆ. ಮೈಮೇಲೆ ಕೈ ಬಿದ್ದ ದಿನ ಮಾತ್ರ ಪಾಸ್ಟರ್‌ಗೂ ಮುಂಚೆ ಪೊಲೀಸರಿಗೆ ಫೋನ್ ಮಾಡಿ, 110.

ರಾತ್ರಿ ಎರಡು ಗಂಟೆ. ಯಾರೂ ಇಲ್ಲ. ಬದುಕೇ ಬೇಡ ಅನ್ನಿಸುತ್ತಿದೆ.

0800 111 0 111. ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ, ದಿನದ 24 ಗಂಟೆ. ಎವಾಂಗೇಲಿಶ್, ಕ್ಯಾಥೊಲಿಕ್ ಎರಡೂ ದೊಡ್ಡ ಸಭೆಗಳು ಸೇರಿ ನಡೆಸುವ ಟೆಲಿಫೋನ್ ಸೇವೆ. ಜರ್ಮನ್‌ನಲ್ಲಿ ಮಾತಾಡುತ್ತಾರೆ. ಒಡಕು ಜರ್ಮನ್ ಸಾಕು. ಜೀವಕ್ಕೆ ಅಪಾಯ ಇದ್ದರೆ ತಕ್ಷಣ 112.

ಪಾಸ್ಟರ್ ಜೊತೆ ಹೊಂದುತ್ತಿಲ್ಲ.

ಪಕ್ಕದ ಸಭೆಯವರನ್ನು ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಇದಕ್ಕೆಲ್ಲ ದುಡ್ಡು ಎಷ್ಟು? ತೆರಿಗೆ ಕಟ್ಟದಿದ್ದರೆ ಬರುವುದಿಲ್ಲವಾ?

ದೀಕ್ಷಾಸ್ನಾನ, ದೃಢೀಕರಣ, ಮದುವೆ, ಮಣ್ಣು ಮಾಡುವುದು, ಯಾವುದಕ್ಕೂ ಸದಸ್ಯರಿಂದ ಪಾಸ್ಟರ್ ದುಡ್ಡು ತೆಗೆದುಕೊಳ್ಳುವುದಿಲ್ಲ. ಕವರ್ ಕೊಡಲು ಹೋಗಬೇಡಿ, ಅವರಿಗೆ ಇಕ್ಕಟ್ಟು. ಕೊಡಲೇಬೇಕು ಅನ್ನಿಸಿದರೆ ಕಾಣಿಕೆ ಪೆಟ್ಟಿಗೆ ಇದೆ.

ಸಭೆ ನಡೆಯುವುದು ಚರ್ಚ್ ತೆರಿಗೆಯಿಂದ. ಇಲ್ಲಿಗೆ ಬಂದು ವಿಳಾಸ ನೋಂದಾಯಿಸುವಾಗ ಧರ್ಮ ಎವಾಂಗೇಲಿಶ್ ಎಂದು ಬರೆದರೆ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಬಾಡೆನ್-ವ್ಯುರ್ಟೆಂಬರ್ಗ್, ಬವೇರಿಯಾಗಳಲ್ಲಿ ಆದಾಯ ತೆರಿಗೆಯ ಶೇ. 8, ಉಳಿದ ಕಡೆ ಶೇ. 9. ಸಂಬಳದ ಶೇ. 8 ಅಲ್ಲ, ತೆರಿಗೆಯ ಶೇ. 8. ತಿಂಗಳಿಗೆ 500 ಯೂರೊ ಆದಾಯ ತೆರಿಗೆ ಹೋಗುತ್ತಿದ್ದರೆ ಸಭೆಗೆ 40 ಯೂರೊ. ನಮ್ಮವರಲ್ಲಿ ಎಷ್ಟೋ ಜನ ಆ ಖಾನೆ ಖಾಲಿ ಬಿಡುತ್ತಾರೆ. ಕಾರಣ ನನಗೂ ಅರ್ಥ ಆಗುತ್ತದೆ, ಊರಿಗೂ ಕಳಿಸಬೇಕು, ಇಲ್ಲೂ ಬಾಡಿಗೆ ಕಟ್ಟಬೇಕು.

ತೆರಿಗೆ ಕಟ್ಟದವರು ಅತ್ತರೆ ಪಾಸ್ಟರ್ ಎದ್ದು ಹೋಗುವುದಿಲ್ಲ. ಮಾತಿಗೆ, ಪ್ರಾರ್ಥನೆಗೆ, ಆಸ್ಪತ್ರೆ ಭೇಟಿಗೆ ಯಾರೂ ರಸೀದಿ ಕೇಳುವುದಿಲ್ಲ. ಆದರೆ ಜ್ಞಾನತಂದೆಯಾಗಲು, ಚರ್ಚಿನಲ್ಲಿ ಮದುವೆಯಾಗಲು ಸದಸ್ಯತ್ವ ಬೇಕು. ಮದುವೆ ಹತ್ತಿರ ಬಂದಾಗ ಓಡಿಬಂದು ಸೇರುವವರನ್ನು ನೋಡಿ ಇಲ್ಲಿನ ಹಿರಿಯರು ನಸುನಗುತ್ತಾರೆ. ಸೇರಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಮನೆಯಲ್ಲಿ ಸಾವಾದರೆ ಮೊದಲು ಏನು ಮಾಡಬೇಕು?

ಡಾಕ್ಟರನ್ನು ಕರೆಯಿರಿ, ಮರಣ ಪತ್ರ ಅವರು ಬರೆಯಬೇಕು. ಆಮೇಲೆ ಒಂದು ನಿಮಿಷ ನಿಲ್ಲಿ. ಶವವನ್ನು ಆ ಕ್ಷಣವೇ ಒಯ್ಯಬೇಕು ಅಂತ ಇಲ್ಲ. ಮನೆಯಲ್ಲಿ ಕೆಲವು ಗಂಟೆ ಇಟ್ಟುಕೊಳ್ಳಬಹುದು. ಅಂತ್ಯಕ್ರಿಯೆ ಕಂಪನಿಯವರು ಬರುವ ಮುಂಚೆ ಪಾಸ್ಟರ್‌ಗೆ ಫೋನ್ ಮಾಡಿ, ಮನೆಯಲ್ಲೇ ಬೀಳ್ಕೊಡುವ ಪ್ರಾರ್ಥನೆ ಬೇಕು ಅನ್ನಿ. ಇದು ಇದೆ ಎಂದೇ ನಮ್ಮವರಿಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಗಾಡಿ ಹೋಗಿರುತ್ತದೆ.

ನಾನು ಒಂದು ಮನೆಯಲ್ಲಿ ಇದ್ದೆ. ಮಗಳ ಬಾಣಂತನಕ್ಕೆ ಅಂತ ಊರಿಂದ ಬಂದಿದ್ದ ಅಮ್ಮ, ಇಲ್ಲೇ ತೀರಿಕೊಂಡರು. ಪಾಸ್ಟರ್ ಸೈಕಲ್‌ನಲ್ಲಿ ಬಂದರು. ಚೀಲದಿಂದ ಒಂದು ಮೇಣದಬತ್ತಿ ತೆಗೆದು ಹಚ್ಚಿದರು. ಅಮ್ಮನ ಹಣೆ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಕರ್ತನ ಪ್ರಾರ್ಥನೆಗೆ ‘ನಿಮ್ಮ ಭಾಷೆಯಲ್ಲಿ ಹೇಳಿ’ ಅಂದರು. ನಾವು ಕನ್ನಡದಲ್ಲಿ, ಅವರು ಜರ್ಮನ್‌ನಲ್ಲಿ. ನಮ್ಮದು ಮೊದಲು ಮುಗಿಯಿತು. ಅವರ ಆಮೆನ್ ತನಕ ಕಾದೆವು. ಪಕ್ಕದ ಕೋಣೆಯಲ್ಲಿ ಹನ್ನೆರಡು ದಿನದ ಮಗು ಅಳುತ್ತಿತ್ತು. ಪಾಸ್ಟರ್ ಅದರ ಹತ್ತಿರವೂ ಹೋಗಿ ಬಂದರು.

ಮಣ್ಣು ಮಾಡುವುದು ಮರುದಿನವೇ ಅಲ್ಲ. ಹಲವು ದಿನ, ಒಂದು ವಾರವೂ ಆಗುತ್ತದೆ. ಕಾಯುವುದು ನಮಗೆ ಕಷ್ಟ. ಆ ಮಧ್ಯೆ ಪಾಸ್ಟರ್ ಮನೆಗೆ ಬಂದು ತೀರಿಕೊಂಡವರ ಬಗ್ಗೆ ಕೇಳುತ್ತಾರೆ. ಏನು ಅಡುಗೆ ಮಾಡುತ್ತಿದ್ದರು, ಕೋಪ ಬಂದರೆ ಏನು ಮಾಡುತ್ತಿದ್ದರು, ಯಾರ ಜೊತೆ ಮಾತು ಬಿಟ್ಟಿದ್ದರು. ಹೊಗಳಿಕೆ ಮಾತ್ರ ಹೇಳಬೇಡಿ. ಹೇಳಿದ್ದನ್ನೆಲ್ಲ ಪ್ರಸಂಗದಲ್ಲಿ ಹಾಕುವುದಿಲ್ಲ, ಯಾವುದು ಹೊರಗೆ ಬರಬಾರದು ಎಂದು ಹೇಳಿದರೆ ಬರುವುದಿಲ್ಲ.

ಸ್ಮಶಾನದ ಚಾಪೆಲ್‌ನಲ್ಲಿ ಆರಾಧನೆ, ಆಮೇಲೆ ಗುಂಡಿಯ ತನಕ ನಡಿಗೆ. ಪಾಸ್ಟರ್ ಮೂರು ಸಲ ಮಣ್ಣು ಹಾಕುತ್ತಾರೆ: ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು. ಉಳಿದವರು ಸಾಲಾಗಿ ಬಂದು ಹಾಕುತ್ತಾರೆ. ಬಳಿಕ ಕಾಫಿ, ಬ್ರೆತ್ಸೆಲ್, ಜಡೆಯ ಹಾಗೆ ಹೆಣೆದ ಸಿಹಿ ಬ್ರೆಡ್. ಅಲ್ಲಿ ನಗುವೂ ಇರುತ್ತದೆ, ಗಾಬರಿಯಾಗಬೇಡಿ.

ಗೋರಿಯ ಜಾಗ ಶಾಶ್ವತ ಅಲ್ಲ, ವರ್ಷದ ಲೆಕ್ಕಕ್ಕೆ ಕೊಡುತ್ತಾರೆ. ಅವಧಿ ಮುಗಿದರೆ ಕಲ್ಲು ತೆಗೆಯಬೇಕು. ಕೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಆದರೆ ಇಲ್ಲಿನವರಿಗೂ ಅದೇ ನಿಯಮ. ಸುಡುವುದಕ್ಕೆ ಸಭೆಯ ಅಡ್ಡಿ ಇಲ್ಲ. ಆದರೆ ಬೂದಿಯ ಪಾತ್ರೆಯನ್ನು ಮನೆಯ ಶೋಕೇಸಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಊರಿಗೆ ಕಳಿಸುವುದಾದರೆ ಅಂತ್ಯಕ್ರಿಯೆ ಕಂಪನಿಯವರು ಕಾಗದಪತ್ರದ ಕೆಲಸ ನೋಡಿಕೊಳ್ಳುತ್ತಾರೆ.

ಅಪ್ಪ ಊರಲ್ಲಿ ತೀರಿಕೊಂಡರು. ಹೋಗಲು ಆಗಲಿಲ್ಲ. ಇಲ್ಲಿ ಏನಾದರೂ ಮಾಡಬಹುದಾ?

ಮಾಡಬಹುದು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಟಿಕೆಟ್ ಸಿಗದೆ, ವೀಸಾ ಕಾಗದ ನಡೆಯುತ್ತಿದ್ದು, ಹೊಟ್ಟೆಯಲ್ಲಿ ಮಗು ಇದ್ದು, ಮೊಬೈಲ್‌ನಲ್ಲಿ ಅಪ್ಪನನ್ನು ಮಣ್ಣು ಮಾಡಿದ್ದನ್ನು ನೋಡಿ, ಮರುದಿನ ಆಫೀಸಿಗೆ ಹೋದವರು ನಮ್ಮಲ್ಲಿ ಇದ್ದಾರೆ.

ಅಡ್ವೆಂಟಿಗೆ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಿಗೆ) ಮುಂಚಿನ ಭಾನುವಾರ, ಅಂದರೆ ನವೆಂಬರ್ ಕೊನೆಯ ಹೊತ್ತಿಗೆ, ಸತ್ತವರ ಭಾನುವಾರ. ಪ್ರಷ್ಯದ ಅರಸು 1816ರಲ್ಲಿ ಶುರುಮಾಡಿಸಿದ್ದು, ಆಮೇಲೆ ಉಳಿದ ಕಡೆಗೂ ಹರಡಿತು. ಆ ವರ್ಷ ಸಭೆಯಲ್ಲಿ ತೀರಿಕೊಂಡವರ ಹೆಸರನ್ನು ಒಂದೊಂದಾಗಿ ಓದುತ್ತಾರೆ, ಒಂದೊಂದು ಹೆಸರಿಗೂ ಒಂದು ಮೇಣದಬತ್ತಿ ಹಚ್ಚುತ್ತಾರೆ. ನನ್ನ ಅಪ್ಪ ಹೋದ ವರ್ಷ, ಅವರು ಈ ಸಭೆಯವರಲ್ಲ, ಓದುತ್ತಾರೋ ಇಲ್ಲವೋ ಎಂದು ಅಳುಕುತ್ತಲೇ ಫೋನ್ ಮಾಡಿ ಕೇಳಿದ್ದೆ. ಪಾಸ್ಟರ್ ‘ಹೆಸರು ಬರೆದು ಕೊಡಿ’ ಅಂದರು, ಅಷ್ಟೇ.

ಶನಿವಾರ ಸಂಜೆ ಅವರೇ ಫೋನ್ ಮಾಡಿದರು. ಹೆಸರು ಹೇಗೆ ಹೇಳಬೇಕು? ಅಪ್ಪನ ಹೆಸರಿನಲ್ಲಿ ಒಂದು ‘ಳ’ ಇದೆ. ನಾನು ಹೇಳಿದೆ, ಅವರು ‘ಲ’ ಅಂದರು. ನಾಲಿಗೆ ಮಡಚಿ ಅಂದೆ. ಮತ್ತೆ ‘ಲ’. ಏಳೆಂಟು ಸಲ ಆಯಿತು. ಆ ಕಡೆ ಅವರ ಮನೆಯವರು ಯಾರೋ ನಗುತ್ತಿದ್ದರು, ನನಗೂ ನಗು ಬಂತು. ಮರುದಿನ ಓದುವಾಗ ಆ ಹೆಸರಿನ ಹತ್ತಿರ ಬಂದು ಸ್ವಲ್ಪ ನಿಂತರು, ಉಸಿರು ತೆಗೆದುಕೊಂಡು ಹೇಳಿದರು. ‘ಳ’ಕ್ಕೂ ‘ಲ’ಕ್ಕೂ ನಡುವಿನ ಏನೋ ಒಂದು ಬಂತು. ನನ್ನ ಮಗಳು ಹೋಗಿ ಮೇಣದಬತ್ತಿ ಹಚ್ಚಿದಳು.

ಹೆಸರುಗಳನ್ನು ನವೆಂಬರ್ ಮೊದಲ ವಾರದೊಳಗೆ ಕಚೇರಿಗೆ ಕೊಡಿ. ಕನ್ನಡದಲ್ಲಿ ಅಲ್ಲ, ಅವರಿಗೆ ಓದಲು ಬರುವ ಲಿಪಿಯಲ್ಲಿ ದೊಡ್ಡದಾಗಿ ಬರೆದು, ಪಕ್ಕದಲ್ಲಿ ನಿಮ್ಮ ಫೋನ್ ನಂಬರ್ ಹಾಕಿ.